‘ಬೈಂದಿಲ್ಲೆ’ಗೆ ಬಿದ್ದ ಅರ್ಧ ಅಂಕ

ಅಧ್ಯಕ್ಷತೆ ವಹಿಸಿರುವ ಮಾನ್ಯ ಕೆರಿಯಪ್ಪನವರೇ, ವೇದಿಕೆಯ ಮೇಲಿರುವ ಹಿರಿಯರೇ, ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡ ಮಾಸ್ತರರೇ, ಅಕ್ಕೋರುಗಳೇ, ಹೆದ್ದಾರಿಯ ಲಾರಿ ಸದ್ದಿನ ನಡುವೆಯೂ ಕಿವಿಗೊಟ್ಟು ಕೂತಿರುವ ಯಲ್ಲಾಪುರದ ಸಭಿಕರೇ,

ನನಗಿಂತ ಮೊದಲು ಮಾತಾಡಿದವರೆಲ್ಲ, ‘ಭಟ್ಟ ಮಾಸ್ತರರು ಮೂವತ್ತಮೂರು ವರ್ಷ ತಕ್ಕಡಿ ಹಿಡಿದ ಹಾಗೆ ಅಂಕ ಕೊಟ್ಟರು’ ಎಂದರು. ಹೊಗಳಿಸಿಕೊಳ್ಳಲು ಯಾರಿಗೆ ಬೇಸರ? ನನಗಂತೂ ಇಲ್ಲ. ಆದರೆ ನಿವೃತ್ತಿಯ ದಿನ ಶಾಲಿನ ಜೊತೆ ಸುಳ್ಳನ್ನೂ ಹೊದ್ದು ಮನೆಗೆ ಹೋಗಬಾರದಲ್ಲ. ಆ ತಕ್ಕಡಿ ಒಮ್ಮೆ ಓರೆಯಾಗಿತ್ತು. ಅದನ್ನು ತೋರಿಸಿಕೊಟ್ಟವರು ಅಕ್ಷರ ಬಾರದ ಒಬ್ಬ ತಾಯಿ. ಅವರ ಹೆಸರು ಪಾರ್ವತವ್ವ.

ಇದು ಐವತ್ತೆಂಟನೇ ಇಸವಿಯ ಮಾತು. ನಾನಾಗ ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಒಂದು ಶಾಲೆಯಲ್ಲಿದ್ದೆ. ಹೆಂಡತಿ, ಮಕ್ಕಳು ಸಿದ್ದಾಪುರದ ಕಡೆ ಮನೆಯಲ್ಲಿ. ನನ್ನ ಊಟ ಶಾಲಾ ಕಮಿಟಿಯ ನಾಗಪತಿ ಹೆಗಡೆಯವರ ಮನೆಯಲ್ಲಿ, ನಾಲ್ಕು ವರ್ಷ, ಎರಡು ಹೊತ್ತು. ಅವರ ಮಗ ವೆಂಕಟ್ರಮಣ ಏಳನೇ ಇಯತ್ತೆಯಲ್ಲಿದ್ದ. ಆ ಇಯತ್ತೆಯ ಕೊನೆಗೆ ಸರ್ಕಾರ ನಡೆಸುತ್ತಿದ್ದ ಮುಲ್ಕಿ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ನಾವೇ ಮೊದಲು ಒಂದು ಪರೀಕ್ಷೆ ಮಾಡುತ್ತಿದ್ದೆವು. ಮೂವತ್ತೈದು ಬಂದವರು ಮುಂದೆ, ಬಾರದವರು ಹಿಂದೆ. ಕನ್ನಡದಲ್ಲಿ ವೆಂಕಟ್ರಮಣನಿಗೆ ಅರವತ್ತೆಂಟು, ಶಾಲೆಗೇ ಮೊದಲು. ಪಾರ್ವತವ್ವನ ಮಗಳು ನೀಲಗಂಗಾಗೆ ಮೂವತ್ತು.

ಮರುದಿನವೇ ತಾಯಿ ಬಂದರು. ಜಗಲಿಯ ಮೇಲೆ ನಿಂತೇ ಕೇಳಿದರು:

“ಮಾಸ್ತರ, ಪರೀಕ್ಷಾಕ್ಕ ಕಳಿಸಲಿಲ್ಲಂದ್ರ ಈ ಬ್ಯಾಸಗ್ಯಾಗ ಆಕಿ ಮದಿವಿ ಮಾಡಿಬಿಡ್ತಾರ್ರೀ ನಮ್ಮ ಮೈದುನರು. ಮಾರ್ಕು ದಾನ ಕೇಳಾಕ ಬಂದಿಲ್ಲ. ಏನು ತಪ್ಪು ಅಂತ ಹೇಳ್ರಿ.”

“ಪಾರ್ವತವ್ವಾ, ಬರೆಯೋ ಭಾಷೆ ಬೇರೆ, ಆಡೋ ಭಾಷೆ ಬೇರೆ. ಅವಳು ಆಡಿದ ಹಾಗೇ ಬರೆದಿದ್ದಾಳೆ. ಹತ್ತು ಕಡೆ ಹತ್ತು ಅಂಕ ಹೋಯಿತು. ನಿಯಮ ಎಲ್ಲರಿಗೂ ಒಂದೇ.”

“ಹಂಗಾದ್ರ ಆಕೀದೊಂದು ಓದ್ರಿ, ಚಲೋ ಬರದವರದೊಂದು ಓದ್ರಿ. ನನಗ ಓದಾಕ ಬರೂದಿಲ್ಲ, ಕೇಳಾಕ ಬರ್ತೈತಿ.”

ಓದಿದೆ. ‘ನಾನು ಮಾಡಿದ ಪ್ರಯಾಣ’ ಎಂಬ ಪ್ರಬಂಧ. ನೀಲಗಂಗಾ ‘ಬಸ್ಸು ಬರಾಕ ತಡಾ ಆತು’ ಎಂದು ಬರೆದಿದ್ದಳು. ಅದರ ಕೆಳಗೆ ನನ್ನ ಕೆಂಪು ಗೆರೆ. ಆಮೇಲೆ ಗತ್ತಿನಿಂದ ವೆಂಕಟ್ರಮಣನ ಹಾಳೆ ತೆಗೆದೆ. ‘ಎಷ್ಟು ಹೊತ್ತಾದರೂ ಬಸ್ಸು ಬೈಂದಿಲ್ಲೆ.’

ಪಾರ್ವತವ್ವ ಕೈ ಎತ್ತಿದರು. “ನಿಲ್ರಿ. ಬಸ್ಸು ಯಾರಿಗೆ ಬೈದಿಲ್ರೀ?”

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ‘ಬೈಂದಿಲ್ಲೆ ಅಂದರೆ ಬಂದಿಲ್ಲ ಅಂತ, ನಮ್ಮ ಮನೆ ಕಡೆ ಮಾತು’ ಎಂದು ಹೇಳಹೊರಟವನ ಬಾಯಿ ಅರ್ಧಕ್ಕೇ ನಿಂತಿತು. ನಮ್ಮ ಮನೆ ಕಡೆ ಮಾತು! ಹಾಳೆ ನೋಡಿದೆ. ಕೆಂಪು ಗೆರೆ ಇಲ್ಲ. ಅಂಥವು ಎಂಟು ಇದ್ದವು, ಒಂದಕ್ಕೂ ಇಲ್ಲ. ಬೇಕೆಂದೇ ಬಿಟ್ಟಿದ್ದೆನೇ? ದೇವರಾಣೆಗೂ ಇಲ್ಲ. ಹೆಗಡೆಯವರ ಮನೆಯ ತುಪ್ಪದ ಋಣವೇ? ಅಲ್ಲ ಎಂದೇ ನಂಬಿದ್ದೇನೆ. ನನ್ನ ತಾಯಿ ಆಡಿದ ಮಾತು ನನ್ನ ಕಿವಿಗೆ ತಪ್ಪೆಂದು ಕೇಳಿಸಲೇ ಇಲ್ಲ, ಅಷ್ಟೆ. ಆದರೆ ನೀಲಗಂಗಾ ಬರೆದದ್ದೂ ಅವಳ ತಾಯಿ ಆಡಿದ ಮಾತೇ ಅಲ್ಲವೇ?

ಹೆಡ್ ಮಾಸ್ತರರ ಬಳಿ ಹೋಗಿ ಹೇಳಿದೆ. “ಹರಿದದ್ದು ನೀವು, ಹೊಲಿಯೋರೂ ನೀವೇ” ಎಂದರು. ಮೂವತ್ತೆರಡು ಹಾಳೆಗಳನ್ನೂ ಮೊದಲಿನಿಂದ ತಿದ್ದಿದೆ. ಆಡುಮಾತು ಯಾರ ಮನೆಯದೇ ಇರಲಿ, ಒಂದಕ್ಕೆ ಅರ್ಧ ಅಂಕ ಕಡಿತ. ನೀಲಗಂಗಾಗೆ ಸರಿಯಾಗಿ ಮೂವತ್ತೈದಾಯಿತು. ವೆಂಕಟ್ರಮಣ ಅರವತ್ನಾಲ್ಕಕ್ಕೆ ಇಳಿದ. ಮೊದಲ ಸ್ಥಾನ ಹೋಯಿತು.

ಅರ್ಧವೇ ಏಕೆ, ಒಂದೇಕಲ್ಲ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ನಾನೇ ಹೇಳಿಬಿಡುತ್ತೇನೆ. ಒಂದೊಂದು ಕಡಿದರೆ ಹುಡುಗಿ ಉಳಿಯುತ್ತಿರಲಿಲ್ಲ. ಆ ಲೆಕ್ಕ ಮೊದಲೇ ಹಾಕಿ ನೋಡಿದ್ದೆ. ಅದು ನ್ಯಾಯವೋ ಅಲ್ಲವೋ, ನೀವೇ ತೀರ್ಮಾನಿಸಿ. ನನಗೆ ಇನ್ನೂ ತಿಳಿದಿಲ್ಲ.

ಹೊಸ ಅಂಕ ಹೇಳಿದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಗಡೆಯವರು, “ನಮ್ಮನೆಲಿ ಉಂಡ್ಕಂಡು ನಮ್ಮ ಮಾಣಿದೇ ಮಾರ್ಕು ಕಡಿದ್ರಾ ಮಾಸ್ತರೇ?” ಎಂದರು. ಮಾರನೆಯ ದಿನದಿಂದ ನನ್ನ ಅನ್ನ ನಾನೇ ಬೇಯಿಸಿಕೊಂಡೆ. ಮೊದಲ ವಾರ ಅನ್ನವೂ ನಪಾಸು.

ವೆಂಕಟ್ರಮಣ ಮೂರು ದಿನ ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ನಿಂತ. ಕಣ್ಣು ಕೆಂಪಾಗಿತ್ತು.

“ಮಾಸ್ತರೇ, ಅದು ತಪ್ಪು ಹೇಳಿ ಮೊದಲೇ ಎಂತಕ್ಕೆ ಹೇಳಿದ್ರಿಲ್ಲೆ? ಮುಲ್ಕಿಲಿ ಆನು ಹಾಂಗೇ ಬರೀತಿದ್ದಿ.”

ಹುಡುಗಿಗೆ ಅನ್ಯಾಯ ಮಾಡಿದ್ದೆನೆಂದು ಅಷ್ಟರಲ್ಲಿ ತಿಳಿದಿತ್ತು. ತಪ್ಪನ್ನು ತಪ್ಪೆಂದು ಮೊದಲೇ ಹೇಳದೆ ಹುಡುಗನಿಗೂ ಮಾಡಿದ್ದೆ ಎಂದು ಆಗ ತಿಳಿಯಿತು. ಅಂದಿನಿಂದ ಇಬ್ಬರನ್ನೂ ಎದುರುಬದುರು ಕೂರಿಸಿದೆ. ಅವನ ಪ್ರಬಂಧ ಅವಳು ಓದಬೇಕು, ಅವಳದ್ದು ಅವನು. ಒಬ್ಬರ ತಪ್ಪಿಗೆ ಇನ್ನೊಬ್ಬರು ನಕ್ಕು ನಕ್ಕು, ಎರಡು ತಿಂಗಳಲ್ಲಿ ನಾನು ಹೇಳಿಕೊಡುವುದು ಹೆಚ್ಚೇನೂ ಉಳಿಯಲಿಲ್ಲ. ಮುಲ್ಕಿಯಲ್ಲಿ ಇಬ್ಬರೂ ಪಾಸಾದರು. ನೀಲಗಂಗಾ ಈಗ ಹಾವೇರಿ ಕಡೆಯ ಶಾಲೆಯೊಂದರಲ್ಲಿ ಅಕ್ಕೋರು. ಹೆಗಡೆಯವರೂ ಆ ವರ್ಷದ ಕೊನೆಗೆ ಸ್ವತಃ ಬಂದು ಊಟಕ್ಕೆ ಕರೆದರು. ಹೋದೆ.

ಫಲಿತಾಂಶದ ದಿನ ಪಾರ್ವತವ್ವ ಶಾಲೆಗೆ ಬಂದಿದ್ದರು. ಮಗಳನ್ನು ಅಕ್ಕೋರು ಮಾಡುವ ಟ್ರೇನಿಂಗಿಗೆ ಅರ್ಜಿ ಎಲ್ಲಿ ಕೊಡಬೇಕು ಎಂದಷ್ಟೇ ಕೇಳಿ ಹೊರಟರು. ನನಗೆ ತಡೆಯಲಿಲ್ಲ. ಮನುಷ್ಯ ತಾನೇ! “ಪಾರ್ವತವ್ವಾ, ಮಾಸ್ತರಿಗೆ ಒಂದು ಉಪಕಾರದ ಮಾತೂ ಇಲ್ಲವೇ?” ಎಂದೆ.

ಅವರು ತಿರುಗಿ ನಿಂತು, ಸಿಟ್ಟಿಲ್ಲದೆ ಹೇಳಿದರು: “ಉಪಕಾರ ಯಾಕ್ರೀ ಮಾಸ್ತರ? ಆಕೀದು ಆಕಿಗೆ ಬಂತು.”

ನಿಜ. ಮಗಳಿಗೆ ಬಂದದ್ದು ಮಗಳದೇ. ಆದರೆ ಸಭಿಕರೇ, ಅಂದು ಆ ಜಗಲಿಯ ಮೇಲೆ ನನಗೆ ಬಂದ ಬುದ್ಧಿ ನನ್ನದಾಗಿರಲಿಲ್ಲ, ಅವರೇ ಕೊಟ್ಟದ್ದು. ಆದ್ದರಿಂದ ಉಪಕಾರ ಹೇಳಬೇಕಾದವನು ನಾನು. ಅಂದು ನಾಚಿಕೆಯಿಂದ ಹೇಳಲಿಲ್ಲ. ಇಂದು ನಿಮ್ಮೆಲ್ಲರ ಎದುರು ಹೇಳುತ್ತಿದ್ದೇನೆ. ಪಾರ್ವತವ್ವನವರಿಗೆ, ಮತ್ತು ಇಷ್ಟು ಹೊತ್ತು ಕೇಳಿದ ನಿಮಗೆ, ನನ್ನ ನಮಸ್ಕಾರ.