ಪಟ್ಟಿಗೆ ಬಾರದ ಹೆಸರು

...ಹ್ಞಾಂ, ನಗು! ನಗು ಹಸ್ನಾ! ಈಗ ನಮ್ಮ ಧಣಿ ಧರ್ಣಪ್ಪಣ್ಣನ ಜೀಪು ಬರ್ತದೆ, ನಮ್ಮನ್ನು ಕರ್ಕೊಂಡು ಹೋಗ್ಲಿಕ್ಕೆ. ಮುಂಡಾಜೆಯಲ್ಲಿ ಹಾಲಿನ ಸೊಸೈಟಿಯವರು ಹೊಸ ಪ್ರೋಗ್ರಾಮು ನೋಡ್ಲಿಕ್ಕೆ ಚಾ ಮಾಡಿಸಿ ಕಾಯ್ತಾ ಇರ್ತಾರೆ. ಇಲ್ಲಿ ಕಂಪ್ಯೂಟರಲ್ಲಿ ನಿನ್ನ ಪ್ರೋಗ್ರಾಮು, ಹಾಲಿನ ಫ್ಯಾಟ್ ಲೆಕ್ಕ ಹಾಕುವ ಫಂಕ್ಷನ್ನೇ ಕಾಣುದಿಲ್ಲ ಅಂತ ಬೊಬ್ಬೆ ಹೊಡೀತಾ ಉಂಟು. ಹಾಲಿನವರ ಎದುರು ಹೋಗಿ ಫ್ಯಾಟೇ ಇಲ್ಲ ಅಂತ ಹೇಳುದಾ ಮಾರಾಯ್ತಿ?

ನಾನು ಆವತ್ತೇ ಹೇಳಿದ್ದೆ. ಲೈಬ್ರರಿ ಅಂತ ನಾವು ಫಂಕ್ಷನ್ ಕಟ್ಟಿಟ್ಟ ಗಂಟಿನ ಒಳಗೆ ಎಷ್ಟು ಬೇಕಾದ್ರೂ ಇರ್ಲಿ, ಹೊರಗಿನ ಪ್ರೋಗ್ರಾಮು ಯಾವುದನ್ನೆಲ್ಲ ಕರೀಬಹುದು ಅಂತ ಒಂದು ಪಟ್ಟಿ ಬೇಕು. ಪಟ್ಟಿಯಲ್ಲಿ ಹೆಸರಿಲ್ವಾ, ಆ ಫಂಕ್ಷನ್ ಇದ್ದೂ ಇಲ್ಲ. ಇಷ್ಟು ವರ್ಷ ಆ ಪಟ್ಟಿಯನ್ನು ನಾನು, ಈ ಜಿತೇಶ, ಕೈಯಲ್ಲೇ ಬರೆದೆ. ಒಂದು ದಿನ ತಪ್ಪಿತಾ? ...ಹಾಗೆ ನೋಡ್ಬೇಡ. ಆಯ್ತು, ಒಮ್ಮೆ ತಪ್ಪಿತು. ಆಯ್ತು ಮಾರಾಯ್ತಿ, ಇನ್ನೊಮ್ಮೆಯೂ ತಪ್ಪಿತು!

ಮತ್ತೆ ನೀನು ಬಂದೆ, ಕಂಪ್ಯೂಟರ್ ಪತ್ರಿಕೆಯೊಟ್ಟಿಗೆ ಸಿಕ್ಕಿದ ಲಿನಕ್ಸ್ ಸೀಡಿ ಹಿಡ್ಕೊಂಡು. ಕೈಯಲ್ಲಿ ಬರೀಲಿಕ್ಕೆ ನಿನಗೆ ನಾಚಿಕೆ. ಶೆಲ್ ಸ್ಕ್ರಿಪ್ಟು! ಅದು ಫೈಲಿಂದ ಫೈಲಿಗೆ ಹೋಗಿ, ಸಾಲಿನ ಸುರುವಿಗೇ ಹೆಸರು ಕಂಡ್ರೆ ಹೆಕ್ಕಿ, ತಾನೇ ಪಟ್ಟಿ ಮಾಡ್ತದಂತೆ. ಅದಕ್ಕೋಸ್ಕರ ಹೆಸರಿಗೆ ಅಂಟಿಕೊಂಡೇ ಇರ್ಬೇಕಾದ 'ಇಂಟ್' ಅನ್ನುವ ಪದ ಮೇಲಿನ ಸಾಲಲ್ಲಿ, ಫಂಕ್ಷನಿನ ಹೆಸರು ಕೆಳಗಿನ ಸಾಲಲ್ಲಿ! ಜಗಳ ಮಾಡಿದ ಗಂಡ ಹೆಂಡತಿ ಬೇರೆ ಬೇರೆ ಸೀಟಲ್ಲಿ ಕೂತ ಹಾಗೆ. ಧರ್ಣಪ್ಪಣ್ಣ ಮೆಚ್ಚಿ ಮಂಡೆ ಆಡಿಸಿದ್ದೇ ಆಡಿಸಿದ್ದು. ಇವತ್ತು ಮುಂಡಾಜೆಯದ್ದು ಸರಿಯಾದ್ರೆ ಬಂಟ್ವಾಳದ ಹೊಸ ಆಫೀಸು ಹಸ್ನಾ ನೋಡಿಕೊಳ್ಳಲಿ ಅಂತೆ. ಮೂಡುಬಿದಿರೆಯ ಈ ಬೇಕರಿಯ ಮೇಲೆ ಕೂತು ಬನ್ನಿನ ವಾಸನೆ ಕುಡಿದವ ನಾನು, ಆಫೀಸು ನಿನಗೆ!

...ಇಲ್ಲಪ್ಪ, ನನಗೆಂತ ಹೊಟ್ಟೆಕಿಚ್ಚು? ಕಲ್ಲಡ್ಕದಿಂದ ಇಲ್ಲಿಗೆ ಬಸ್ಸು ಬದಲಾಯಿಸಿ ಬರುದು ನಿನಗೆ ತಪ್ಪಿದ್ರೆ ನನಗೂ ಖುಷಿಯೇ.

ಎಂತದು? ನನ್ನ ಕಂಪ್ಯೂಟರನ್ನು ಯಾಕೆ ನೋಡ್ತಿ? ಓಹೋ, ಸಂಶಯ! ನಿನ್ನೆ ಸಂಜೆ ನೀನು ಬ್ಯಾಗು ಹೆಗಲಿಗೆ ಹಾಕಿ, ನಿಂತುಕೊಂಡೇ ಎಂತದೋ ಕುಟ್ಟಿ, ಬಸ್ಸಿಗೆ ಓಡಿದ್ದು. ನಿನ್ನ ಹಿಂದೆಯೇ ನಾನು ಬೀಗ ಹಾಕಿ ಹೋದದ್ದು. ನಿನ್ನ ಫೈಲು ತೆರೆದೇ ಇಲ್ಲ. ಧರ್ಮಸ್ಥಳದ ಆಣೆ! ...ಆಣೆ ಅಂದ್ರೆ ತಮಾಷೆ ಅಂತ ಗ್ರಹಿಸಿದ್ದೀಯಾ? ನಮ್ಮಲ್ಲಿ ಜಾಗದ ತಕರಾರು ಕೂಡ ಆ ಆಣೆ ಬಂದಲ್ಲಿಗೆ ನಿಲ್ತದೆ. ಇನ್ನೆಂತ ಬೇಕು ನಿನಗೆ?

ತಪ್ಪು ನಿನ್ನ ಸ್ಕ್ರಿಪ್ಟಿನದ್ದೇ. ಸಾಲು ಚೂರು ಆಚೆ ಈಚೆ ಆದ್ರೆ ಹೆಸರನ್ನೇ ಬಿಟ್ಟುಬಿಡುದಾ? ಕೋಳಿಮರಿ ಇದಕ್ಕಿಂತ ಚಂದ ಹೆಕ್ಕೀತು! ನಿನಗೂ ಗೊತ್ತಿತ್ತು ಅದು. ಗೊತ್ತಿಲ್ಲದಿದ್ರೆ ಫ್ಯಾಟಿನ ಫೈಲಿನ ಮೇಲ್ಗಡೆ ಅಷ್ಟುದ್ದ ಯಾಕೆ ಬರೆದದ್ದು? 'ದಯವಿಟ್ಟು ಈ ಎರಡು ಸಾಲು ಜೋಡಿಸಬೇಡಿ, ಜೋಡಿಸಿದರೆ ಪಟ್ಟಿಯಿಂದ ಹೆಸರು ಬಿದ್ದುಹೋಗುತ್ತದೆ' ಅಂತ! ದಯವಿಟ್ಟು ಅಂತೆ, ದಯವಿಟ್ಟು! ಯಾರಿಗೆ ಈ...

...ಎಂತ?

ನಗು ಯಾಕೆ ನಿಲ್ಲಿಸಿದ್ದು?

ಆ ಮಾತು... ಮೊದಲೇ ಇತ್ತಲ್ವಾ ಅಲ್ಲಿ? ಕಳೆದ ವಾರ... ಇಲ್ವಾ? ಅಯ್ಯೋ... ನಿನ್ನೆ ಹೋಗುವಾಗ ನಿಂತುಕೊಂಡು ಕುಟ್ಟಿದ್ದು... ಅದನ್ನೇ? ಫೈಲು ತೆರೆಯದವನಿಗೆ ಅದು ಗೊತ್ತಾಗುದು ಹೇಗೆ ಅಂತಲಾ...

ಬೈ ಮಾರಾಯ್ತಿ, ಬೈ ಬೇಕಾದ್ರೆ.

ಅಲ್ಲ, ನೋಡ್ಲಿಕ್ಕೆ ಚಂದ ಇರ್ಲಿ ಅಂತ ಒಂದು... ಒಂದು ಸಾಲು ಮಾತ್ರ ಮೇಲಿನದ್ದಕ್ಕೆ ಜೋಡಿಸಿ...

ಎಂತ ಮಾಡ್ತಿ? ಸಾಲು ಬಿಡಿಸಿದ್ದಾ? ಸ್ಕ್ರಿಪ್ಟು ಓಡಿಸಿದ್ದಾ? ...ಓ, ಬಂತು! ಫ್ಯಾಟ್ ಬಂತಲ್ಲ! ಹಾಗಾದ್ರೆ ಎಲ್ಲ ಸರಿಯಾಯ್ತಲ್ಲ? ಹೋಗುವ ಹಸ್ನಾ, ಇಬ್ರೂ ಹೋಗುವ. ಬೆಳ್ತಂಗಡಿಯಲ್ಲಿ ಇಳಿದು ತಿಂಡಿ ತಿನ್ನುವ, ನನ್ನ ಲೆಕ್ಕದಲ್ಲಿ...

ಹಾರ್ನು ಕೇಳ್ತದೆ ಕೆಳಗೆ. ಸ್ವಲ್ಪ ನಿಲ್ಲು. ನಿಲ್ಲಿ... ಹಸ್ನಾ, ಸಾಲು ಜೋಡಿಸಿದ್ದು ಬೇಕಾದ್ರೆ ಧರ್ಣಪ್ಪಣ್ಣನತ್ರ ಹೇಳಿ. ಆ ಆಣೆ ಹಾಕಿದ್ದು ಮಾತ್ರ ಹೇಳ್ಬೇಡಿ, ನಿಮ್ಮ ದಮ್ಮಯ್ಯ.