ಆಲದ ಮರದ ನಾಕಾದಲ್ಲಿ ಝಡತಿ

೧೯೯೨ನೇ ಇಸವಿ ಮಾರ್ಚ್ ಹದಿನಾಲ್ಕು, ಶನಿವಾರ ರಾತ್ರಿ ನಡೆದದ್ದು. ಅಮಾವಾಸ್ಯೆಯಲ್ಲ. ಹುಣ್ಣಿಮೆಗೆ ನಾಲ್ಕು ದಿನವಿತ್ತು, ಬೆಳದಿಂಗಳು ಚೆನ್ನಾಗಿತ್ತು. ಆದದ್ದು ನಮ್ಮ ಸೋದರತ್ತೆಯ ಮಗ ಜಕ್ಕಪ್ಪನಿಗೆ. ಅವನನ್ನೂ ಅವನ ಜೊತೆಗಿದ್ದ ಭರಮುವನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದೇನೆ. ಇಬ್ಬರ ಮಾತಿನಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಜಕ್ಕಪ್ಪ ಟೆಂಪೋ ಓಡಿಸುತ್ತಿದ್ದ. ಸುಗ್ಗಿಯಲ್ಲಿ ಅಥಣಿ ಕಡೆಯ ತೋಟಗಳಿಂದ ದ್ರಾಕ್ಷಿ ಪೆಟ್ಟಿಗೆ ಹೇರಿಕೊಂಡು ಮಂಗಸೂಳಿ, ಕಾಗವಾಡ ದಾಟಿ ಮಿರಜಿಗೆ ಮುಟ್ಟಿಸುವುದು ಅವನ ಕೆಲಸ. ಹಗಲಿನ ಬಿಸಿಲಿಗೆ ಹಣ್ಣು ತಾಳುವುದಿಲ್ಲ, ರಾತ್ರಿಯೇ ಹೋಗಬೇಕು. ಭರಮು ತೋಟದ ಮಾಲೀಕ. ಮಾಲು ಇಳಿಯುವವರೆಗೆ ಗಾಡಿ ಬಿಟ್ಟು ಕದಲುವವನಲ್ಲ.

ಮಂಗಸೂಳಿ ದಾಟಿದ ಮೇಲೆ ರಸ್ತೆಯ ಎಡಕ್ಕೆ ಒಂದು ಆಲದ ಮರ. ಅದರ ಹಿಂದೆ, ಇಪ್ಪತ್ತು ಹೆಜ್ಜೆಗೆ, ಒಂದು ಬಾವಿ. ಎರಡು ವರ್ಷ ಹಿಂದೆ ಆ ಮರದ ಕೆಳಗೆ ಪೊಲೀಸರ ನಾಕಾ ಇತ್ತು. ಎರಡು ಡ್ರಮ್ಮು, ಒಂದು ಅಡ್ಡ ಬಿದಿರು. ಗಡಿಯಾಚೆ ಸಾರಾಯಿ ಹೋಗುತ್ತದೆಂದು ಎಲ್ಲ ಗಾಡಿ ತಡೆದು ಝಡತಿ, ಅಂದರೆ ತಪಾಸಣೆ, ಮಾಡುತ್ತಿದ್ದರು. ಪೆಟ್ಟಿಗೆ ಹರಿದು ಒಳಗೆ ಕೈ ಹಾಕುವರು. ದ್ರಾಕ್ಷಿಯ ಮೇಲಿನ ಬಿಳಿ ಪುಡಿ ಅಳಿಸಿದರೆ ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಆದರೂ ಚಾಲಕರು ತಡೆಯುತ್ತಿರಲಿಲ್ಲ. ಲೈಸೆನ್ಸು ಕೊಟ್ಟು "ನೋಡ್ರಿ ಸಾಹೇಬ್ರ" ಅನ್ನುವುದು ರೂಢಿ.

ಒಬ್ಬನೇ ಒಬ್ಬ ತಡೆದ. ಲಗಮಣ್ಣ. ಜಕ್ಕಪ್ಪನ ಗಾಡಿ ಅವನ ಹಿಂದೆಯೇ ನಿಂತಿತ್ತು.

"ಪೆಟ್ಟಗಿ ತಗಿಲೇ," ಅಂದ ಜಮಾದಾರ.

"ಹಂಗ ತಗ್ಯಾಕ ನನ್ನ ಒಪ್ಪಗಿ ಇಲ್ರಿ," ಅಂದ ಲಗಮಣ್ಣ. "ಯಾಕ ಸಂಶೇ ಬಂತು ಅಂತ ಮೊದಲ ಬರೀರಿ. ಊರಾಗಿಂದ ಸಾಕ್ಷಿಗೆ ಇಬ್ಬರು ಪಂಚರನ್ನ ಕರೀರಿ. ಅವರ ಮುಂದ ತಗೀರಿ, ನಾ ಕೈ ಕಟ್ಟಿ ನಿಂದರ್ತೀನಿ."

"ವಕೀಲ ಬಂದಾನ ನೋಡ್ರಪಾ. ಕುರ್ಚಿ ಹಾಕ್ರಿ."

ಉಳಿದವರು ನಕ್ಕರು. ನಗು ನಿಲ್ಲುವ ಮೊದಲೇ ಹೊಡೆತ ಬಿತ್ತು. ಲಾಠಿ ಮಾಂಸಕ್ಕೆ ಬಿದ್ದರೆ ಧಪ್ ಅನ್ನುತ್ತದೆ. ಎಲುಬಿಗೆ ಬಿದ್ದರೆ ಟಕ್. ಮೊದಮೊದಲು ಧಪ್ ಇತ್ತಂತೆ. ಆಮೇಲೆ ಟಕ್. ಲಗಮಣ್ಣ ಬಿದ್ದ ಮೇಲೂ "ಪಂಚರನ್ನ ಕರೀರಿ" ಅನ್ನುತ್ತಿದ್ದ. ಆಗ ಜಮಾದಾರ ಗಾಡಿಯಿಂದ ಕಬ್ಬಿಣದ ಟಾಮಿ ಸಲಾಕೆ ಎಳೆದು ತಲೆಗೆ ಹಾಕಿದ. ಒಮ್ಮೆ... ಇನ್ನೊಮ್ಮೆ. ಮಾತು ನಿಂತಿತು. ನಾಲ್ಕು ಜನ ಎತ್ತಿಕೊಂಡು ಮರದ ಹಿಂದೆ ಹೋದರು. ಬಾವಿಯಿಂದ ಒಂದು ಸಪ್ಪಳ ಬಂತು.

ಪಂಚರನ್ನು ಆಮೇಲೆ ಕರೆದರು. ಒಬ್ಬ ಯಾವುದೋ ಲಾರಿಯವ, ಹೆಬ್ಬೆಟ್ಟು ಒತ್ತಿ ಹೋದ. ಇನ್ನೊಬ್ಬ ಜಕ್ಕಪ್ಪ. ಅವನ ಲೈಸೆನ್ಸು ಅವರ ಕಿಸೆಯಲ್ಲಿತ್ತು. ಟೆಂಪೋದ ಬಾನೆಟ್ಟಿನ ಮೇಲೆ ಕಾಗದ ಹಾಸಿದರು. ಕಾಗದ ಖಾಲಿ ಇತ್ತು. ಜಕ್ಕಪ್ಪ ಕೆಳಗೆ ಸಹಿ ಮಾಡಿದ. ಮೇಲಿನದನ್ನು ಅವರು ಆಮೇಲೆ ತುಂಬಿಕೊಂಡರು... ಚಾಲಕ ಕುಡಿದಿದ್ದ, ಕತ್ತಲಲ್ಲಿ ಕಾಲು ಜಾರಿ ಬಾವಿಗೆ ಬಿದ್ದ.

ಲಗಮಣ್ಣನ ಹೆಂಡತಿ ತಾರವ್ವ ಮೂರು ಸಲ ಜಕ್ಕಪ್ಪನ ಮನೆಗೆ ಬಂದಳು. "ಏನ್ ನೋಡಿದಿ, ಅಷ್ಟ ಹೇಳಪಾ." ಮೂರು ಸಲವೂ ಅವನು ಏನೂ ನೋಡಿಲ್ಲ ಅಂದ. ನಾಕಾ ಆ ಬೇಸಿಗೆಯಲ್ಲೇ ಎತ್ತಿದರು.

ಇಷ್ಟು ಹಿಂದಿನದು. ಇನ್ನು ಆ ಶನಿವಾರ.

ಮಂಗಸೂಳಿ ದಾಟುವವರೆಗೆ ಇಬ್ಬರೂ ನಗುತ್ತ ಬಂದಿದ್ದಾರೆ.

"ನಿನ್ನ ಗಾಡಿಗಿಂತ ನಮ್ಮ ಎಮ್ಮಿ ಜೋರ ಓಡತೈತಿ," ಅಂದ ಭರಮು.

"ಹಂಗಾರ ನಾಳೆಯಿಂದ ಎಮ್ಮಿ ಮ್ಯಾಲ ಹೇರ್ಕೊಂಡ ಹೋಗಪಾ. ಡೀಜಲ್ ಉಳಿತೈತಿ."

ಆಲದ ಮರದ ಹತ್ತಿರ ಒಂದು ಕೆಂಪು ದೀಪ ಅಲುಗಾಡಿತು. ಎಡಕ್ಕೆ... ಬಲಕ್ಕೆ. ಡ್ರಮ್ಮು ರಸ್ತೆಯ ಮೇಲೆ ಉರುಳುವ ಸಪ್ಪಳ, ಗಡಗಡಗಡ. ಅದರ ಮೇಲೆ ಬಿದಿರು ಬಿದ್ದ ಸಪ್ಪಳ, ಟಣ್. ಡ್ರಮ್ಮಾಗಲಿ ಬಿದಿರಾಗಲಿ ಕಾಣಲಿಲ್ಲ. ಆದರೂ ಜಕ್ಕಪ್ಪ ಬ್ರೇಕು ಒತ್ತಿದ. ಕಾಲೇ ಒತ್ತಿತು ಅನ್ನುತ್ತಾನೆ.

"ನಾಕಾ ಎತ್ತ್ಯಾರಲ್ಲ?" ಭರಮು ಪಿಸುಗುಟ್ಟಿದ.

"ಮತ್ತ ಹಾಕಿರಬೇಕು. ಸುಮ್ನ ಕುಂಡ್ರು."

ದೀಪ ಹಿಡಿದವನ ಮುಖ ಕಾಣಲಿಲ್ಲ. ಖಾಕಿ ಅಂಗಿ ಕಂಡಿತು. ತೋಯ್ದು ಮೈಗೆ ಅಂಟಿತ್ತು. ಖಾಕಿ ಪೊಲೀಸರೂ ತೊಡುತ್ತಾರೆ, ಚಾಲಕರೂ ತೊಡುತ್ತಾರೆ. ಜಕ್ಕಪ್ಪನಿಗೆ ಅದು ಹೊಳೆಯಲಿಲ್ಲ.

"ಝಡತಿ ಮಾಡೂದೈತ್ರಿ..." ದನಿ ಬಹಳ ಸಣ್ಣದು. "ಒಪ್ಪಗಿ ಐತೇನ್ರಿ?"

ಯಾವ ಪೊಲೀಸನೂ ಹಾಗೆ ಕೇಳುವುದಿಲ್ಲ. ಭರಮುವಿಗೆ ಅಲ್ಲೇ ಸಂಶಯ ಬಂತು. ಆದರೆ ಜಕ್ಕಪ್ಪ ಕಿಸೆಯಿಂದ ಲೈಸೆನ್ಸು ತೆಗೆಯುತ್ತ ಅಂದುಬಿಟ್ಟ, "ನೋಡ್ರಿ ಸಾಹೇಬ್ರ."

ದೀಪ ಹಿಂದಕ್ಕೆ ಹೋಯಿತು. ಹಿಂಬಾಗಿಲ ಸರಪಳಿ ಝಣ್ ಅಂತು. ಪೆಟ್ಟಿಗೆಯ ಪಟ್ಟಿ ಹರಿಯುವ ಸಪ್ಪಳ, ಚರ್ರ್... ಚರ್ರ್... ಚರ್ರ್. ನಡುನಡುವೆ ನೀರು ತೊಟ್ಟಿಕ್ಕುತ್ತಿತ್ತು. ತಟ್... ತಟ್... ಎಷ್ಟು ಹೊತ್ತು ಅಂತ ಇಬ್ಬರಿಗೂ ಗೊತ್ತಿಲ್ಲ.

ದೀಪ ಭರಮುವಿನ ಕಿಟಕಿಗೆ ಬಂತು.

"ಗಾಡ್ಯಾಗ ಇಲ್ರಿ. ನಿಮ್ಮ ಕೈ ನೋಡೂದೈತಿ. ಒಪ್ಪಗಿ ಐತೇನ್ರಿ?"

ಭರಮು ಎರಡೂ ಕೈ ಕಂಕುಳಲ್ಲಿ ಅದುಮಿಕೊಂಡು ಅಂದ, "ಇಲ್ರಿ. ನಾ ಕೊಡೂದಿಲ್ಲ."

ಆಮೇಲೆ ದನಿ ಬಂತು. "ಆತ್ರಿ."

ಅಷ್ಟೇ. ದೀಪ ಅವನನ್ನು ಬಿಟ್ಟು ಗಾಡಿಯ ಮುಂದಿನಿಂದ ಸುತ್ತಿ ಬಂತು. ಬಲಗಡೆ, ಚಾಲಕನ ಕಿಟಕಿಗೆ.

"ನಿಮ್ಮದ್ರಿ?"

ಈಗ ಜಕ್ಕಪ್ಪನಿಗೆ ದನಿಯ ಗುರುತು ಹತ್ತಿತು. ಭರಮು ಅವನ ಅಂಗಿ ಹಿಡಿದು ಜಗ್ಗಿದ. "ಬ್ಯಾಡ ಅನ್ನು. ಬ್ಯಾಡ ಅಂದ್ರ ಬಿಡತೈತಿ. ಅನ್ನೋ ಮಾರಾಯಾ..."

ಜಕ್ಕಪ್ಪ ಬೇಡ ಅನ್ನಲೆಂದೇ ಬಾಯಿ ತೆರೆದನಂತೆ. ಹದಿನಾರು ವರ್ಷ ನಾಕಾದಿಂದ ನಾಕಾಕ್ಕೆ ಹೇಳಿ ಹೇಳಿ ಸವೆದ ಬಾಯಿ. ಬಂದದ್ದು ಒಂದೇ ಮಾತು.

"ನೋಡ್ರಿ ಸಾಹೇಬ್ರ."

ಖಾಲಿ ಕಾಗದಕ್ಕೆ ಸಹಿ ಮಾಡಿದ ಬಲಗೈ ಕಿಟಕಿಯ ಹೊರಗೆ ಹೋಯಿತು. ತಾನಾಗಿ ಹೋಯಿತೋ, ಎಳೆದರೋ, ಅವನಿಗೆ ನೆನಪಿಲ್ಲ. ತಣ್ಣನೆಯ ಎರಡು ಬೆರಳು ಅವನ ಕಿರುಬೆರಳನ್ನು ಹಿಡಿದವು.

ಲಟಕ್.

"ಇದರಾಗಿಲ್ಲ," ಅಂತು ದನಿ.

ಲಟಕ್.

"ಇದರಾಗೂ ಇಲ್ಲ..."

ಜಕ್ಕಪ್ಪ ಕಿರುಚಿದ. ಕೈ ಒಳಗೆ ಬರಲಿಲ್ಲ. ಭರಮು ಎರಡೂ ಕೈಯಿಂದ ಅವನ ರಟ್ಟೆ ಹಿಡಿದು ಎಳೆದ. ಕಿಟಕಿಗೆ ಮೊಳೆ ಹೊಡೆದ ಹಾಗಿತ್ತು. "ನನ್ನ ಒಪ್ಪಗಿ ಇಲ್ಲ, ಬಿಡ್ರಿ, ನನ್ನ ಒಪ್ಪಗಿ ಇಲ್ಲ," ಅಂದ ಭರಮು.

"ಕೈ ನಿಮ್ಮದಲ್ರಿ," ಅಂತು ದನಿ. ಸಿಟ್ಟಿರಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗಿತ್ತಂತೆ.

ಒಂದೊಂದೇ ಗಂಟು. ಬೆರಳು ಮುಗಿದ ಮೇಲೆ ಅಂಗೈ. ಒಣ ಜೋಳದ ದಂಟು ಮುರಿದ ಸಪ್ಪಳ. ಪ್ರತಿ ಸಲವೂ ಅದೇ ಮಾತು, ಇದರಾಗಿಲ್ಲ. ಮಣಿಕಟ್ಟಿಗೆ ಬರುವಷ್ಟರಲ್ಲಿ ಜಕ್ಕಪ್ಪನ ಪ್ರಜ್ಞೆ ತಪ್ಪಿತ್ತು. ಕೊನೆಯ ಸಪ್ಪಳದ ನಂತರ ಏನು ಅಂತು ಎಂಬುದನ್ನು ಕೇಳಿದವ ಭರಮು ಒಬ್ಬನೇ.

"ಸಿಕ್ಕತ್ರಿ."

ದೀಪ ಆರಿತು.

ಭರಮುವಿಗೆ ಗಾಡಿ ಓಡಿಸಲು ಬರುವುದಿಲ್ಲ. ಕಾಗವಾಡದ ತನಕ ಓಡಿ, ಒಬ್ಬ ಚಾಲಕನನ್ನು ಎಬ್ಬಿಸಿ ಕರೆತಂದ. ನಸುಕಿನಲ್ಲಿ ಆಸ್ಪತ್ರೆ ಮುಟ್ಟಿದರು. ಡಾಕ್ಟರು ಕಬ್ಬಿನ ಗಾಣಕ್ಕೆ ಕೈ ಕೊಟ್ಟಿಯೇನು ಎಂದು ಕೇಳಿದರು. ಕೇಳಿ, ಕೈ ತಿರುಗಿಸಿ ನೋಡಿ, ಮತ್ತೆ ಕೇಳಲಿಲ್ಲ. ಚರ್ಮ ಎಲ್ಲಿಯೂ ಒಡೆದಿರಲಿಲ್ಲ. ಬಾವೂ ಇರಲಿಲ್ಲ. ಕೈ ಅರಿವೆಯ ಹಾಗೆ ಜೋತು ಬಿದ್ದಿತ್ತು.

ಪೆಟ್ಟಿಗೆಗಳನ್ನು ಮರುದಿನ ನಾನೇ ನೋಡಿದೆ. ಒಂದರ ಪಟ್ಟಿಯೂ ಹರಿದಿರಲಿಲ್ಲ.

ಜಕ್ಕಪ್ಪ ಮುಂದೆ ಸ್ಟೇರಿಂಗು ಹಿಡಿಯಲಿಲ್ಲ. ಹಾಸಿಗೆಯಿಂದ ಎದ್ದ ದಿನವೇ ತಾರವ್ವನ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ಎಲ್ಲ ಹೇಳಿದ. ನಾನು ಜೊತೆಗಿದ್ದೆ. ಅವಳು ಜೋಳ ಹಸನ ಮಾಡುತ್ತಿದ್ದಳು, ಮೊರ ಕೆಳಗಿಡಲಿಲ್ಲ. "ಎರಡ ವರ್ಷ ತಡಾ ಮಾಡಿದ್ಯಪಾ," ಅಂದಳು. ಮರುವಾರ ವಕೀಲರ ಮುಂದೆ ಅವನು ಹೇಳಿಕೆ ಬರೆಸಿ, ಎಡಗೈ ಹೆಬ್ಬೆಟ್ಟು ಒತ್ತಿದ. ಒತ್ತುವ ಮೊದಲು ನನ್ನಿಂದ ಎರಡು ಸಲ ಓದಿಸಿ ಕೇಳಿದ.

ಇದು ಕಟ್ಟಿದ ಕತೆ ಅನ್ನುವವರಿಗೆ ನಾನು ವಾದ ಮಾಡುವುದಿಲ್ಲ. ಎಕ್ಸ್‌-ರೇ ನನ್ನ ಪೆಟ್ಟಿಗೆಯಲ್ಲಿದೆ. ಬಿಸಿಲಿಗೆ ಹಿಡಿದು, ಪೆನ್ಸಿಲಿನಿಂದ ಗುರುತು ಹಾಕುತ್ತ, ಮೂರು ಸಲ ಎಣಿಸಿದ್ದೇನೆ. ಮನುಷ್ಯನ ಒಂದು ಕೈಯಲ್ಲಿ, ಮಣಿಕಟ್ಟು ಸೇರಿ, ಇಪ್ಪತ್ತೇಳು ಎಲುಬು. ಆ ಚಿತ್ರದಲ್ಲಿ ಮುರಿದವು ಇಪ್ಪತ್ತಾರು. ಇಪ್ಪತ್ತೇಳನೆಯದು ಇಲ್ಲ.

ಇರುವುದು ಇಪ್ಪತ್ತಾರು.