ನಗುತ್ತ ಹೂಳಬೇಕಾದ ಬಾಸಾ

ಅಂದು ಸಂಜೆ ನಮ್ಮೂರು ಲಿಪೊವೆಟ್ಸಿನಲ್ಲಿ ಹಿಮ ಕರಗಿಸುವ ಮಳೆ. ಸೂರಿನಿಂದ ಬಿದ್ದ ನೀರು ಅಂಗಳದಲ್ಲಿ ಉಳಿದಿದ್ದ ಕೊಳಕು ಹಿಮಕ್ಕೆ ಸಾಲಾಗಿ ತೂತು ಕೊರೆಯುತ್ತಿತ್ತು. ನಾವು ಹೆಂಗಸರೆಲ್ಲ ಅಜ್ಜಿಯ ಅಡುಗೆಮನೆಯ ಉದ್ದ ಮೇಜಿನ ಸುತ್ತ ಕೂತು ಹೆಬ್ಬಾತಿನ ಗರಿ ಬಿಡಿಸುತ್ತಿದ್ದೆವು. ಈಸ್ಟರ್ ಕಳೆದ ಮೇಲೆ ನನ್ನ ಮದುವೆ. ಮದುಮಗಳ ಗಾದಿಗೆ ಗರಿ ಸಾಲದೆ, ಚಳಿಗಾಲದಲ್ಲೇ ಮುಗಿಯಬೇಕಿದ್ದ ಕೆಲಸ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳವರೆಗೆ ಎಳೆದುಕೊಂಡು ಬಂದಿತ್ತು. ದಂಟಿನಿಂದ ಸುಲಿದ ಮೆತ್ತನೆಯ ಎಳೆಗಳು ಮೇಜಿನ ನಡುವೆ ಬೆಳ್ಳಗೆ ರಾಶಿಯಾಗಿದ್ದವು.

ಗರಿ ಬಿಡಿಸುವ ಕಡೆ ಮೂರು ಕೆಲಸ ಮಾಡಬಾರದು. ಸೀನಬಾರದು, ಬಾಗಿಲು ತೆರೆಯಬಾರದು, ನಗಬಾರದು. ಪಕ್ಕದ ಮನೆಯ ಲುಡ್ಮಿಲಾ ಅತ್ತೆ ಇರುವ ಕಡೆ ಕೊನೆಯದನ್ನು ಪಾಲಿಸುವುದು ಕಷ್ಟ.

"ಲೇ ಹುಡುಗಿ, ಈ ಗಾದಿ ಮೇಲೆ ಮಲಗಿದ್ಮೇಲೆ ನಿನ್ನ ಗಂಡ ಬೆಳಿಗ್ಗೆ ಏಳ್ಲಿಲ್ಲ ಅಂದ್ರೆ ನಮ್ಮನ್ನ ಬೈಬೇಡ. ನನ್ನ ಗಂಡ ನೋಡು, ಮದುವೆ ದಿನ ಮಲಗಿದೋನು, ಇನ್ನೂ ಎದ್ದಿಲ್ಲ."

ನನ್ನ ಗೆಳತಿ ವಿಯೆರ್ಕಾ ಕಿಸಕ್ಕನೆ ನಕ್ಕಳು. ರಾಶಿಯಿಂದ ಒಂದು ಹಿಡಿ ಬಿಳುಪು ಎದ್ದು ಅವಳ ಕೂದಲ ಮೇಲೆ ಇಳಿಯಿತು.

"ಥೂ, ಬಾಯಿ ಮುಚ್ಚೇ ಲುಡ್ಮಿಲಾ!" ಅಜ್ಜಿ ಗದರಿದಳು. "ಗರಿ ಮುಂದೆ ನಗಿಸಬೇಡ ಅಂತ ಎಷ್ಟು ಸಲ ಹೇಳ್ಲಿ?"

"ಈ ಸಲ ಊರಲ್ಲಿ ನಗೋಕೇ ಏನಿತ್ತು ಹೇಳಜ್ಜಿ? ಕೊನೇ ಮಂಗಳವಾರ ಬಾಸಾನೇ ಹೂಳ್ಲಿಲ್ಲ. ನಮ್ಮ ಹುಡುಗ್ರು ಪಟ್ಟಣದಿಂದ ಸ್ಪೀಕರ್ ಪೆಟ್ಟಿಗೆ ತಂದು ಹಾಡು ಹಾಕಿ, ಕುಣಿದು, ಸ್ವಿಚ್ ಆರಿಸಿ ಮನೆಗೆ ಬಂದ್ರು. ಪೆಟ್ಟಿಗೇನ ಚಟ್ಟದ ಮೇಲೆ ಮಲಗಿಸಿ ಅಳಕ್ಕಾಗತ್ತಾ?"

ಅಜ್ಜಿಯ ಕೈ ನಿಂತಿತು. ವಿಯೆರ್ಕಾ ಪಟ್ಟಣದವಳು. "ಬಾಸಾ ಹೂಳೋದು ಅಂದ್ರೇನಜ್ಜಿ?" ಎಂದು ಕೇಳಿದಳು.

ಅಜ್ಜಿ ಮುಂದಿನ ಕೋಣೆಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. ಒಲೆ ಹಾಕದ ತಣ್ಣನೆಯ ಕೋಣೆ ಅದು. ಅಲ್ಲಿ ತಾತನ ಡಬಲ್ ಬೇಸ್, ಆ ಆಳೆತ್ತರದ ಪಿಟೀಲು, ಹಳೆಯ ರಜಾಯಿ ಸುತ್ತಿಕೊಂಡು ಗೋಡೆಗೊರಗಿ ನಿಂತಿರುತ್ತದೆ. ನಮ್ಮೂರವರ ಬಾಯಲ್ಲಿ ಅದು ಬಾಸಾ. ಚಿಕ್ಕಂದಿನಿಂದ ನನಗೆ ಆ ಕೋಣೆಯಲ್ಲಿ ಆಡಲು ಬಿಟ್ಟವರಿಲ್ಲ. ಕಾರಣ ಕೇಳಿದರೆ 'ತಾತ ಮಲಗಿದ್ದಾರೆ' ಎನ್ನುತ್ತಿದ್ದಳು ಅಜ್ಜಿ. ತಾತ ತೀರಿಕೊಂಡಾಗ ನನ್ನ ಅಮ್ಮ ಇನ್ನೂ ತೊಟ್ಟಿಲ ಕೂಸು. ಹಾಗಾಗಿ ಆ ಮಾತನ್ನೂ, ಕೆಲವು ರಾತ್ರಿ ನೆಲದಡಿಯಿಂದ ಬರುತ್ತಿದ್ದ ಗುಂಯ್ ಸದ್ದನ್ನೂ ನಾನು ಕನಸೆಂದೇ ತಿಳಿದಿದ್ದೆ.

"ಕೈ ನಿಲ್ಲಿಸ್ಬೇಡಿ," ಎಂದಳು ಅಜ್ಜಿ. "ಕೈ ಆಡ್ತಿರ್ಲಿ... ಹೇಳ್ತೀನಿ."

*

ಉಪವಾಸ ಶುರುವಾಗೋ ಮುಂಚಿನ ಮಂಗಳವಾರ ಕೊನೇ ಕುಣಿತ ಕಣಮ್ಮ. ಆಮೇಲೆ ಚರ್ಚಲ್ಲಿ ಈಸ್ಟರ್ ಗಂಟೆ ಹೊಡೆಯೋವರ್ಗೂ ಊರಲ್ಲಿ ಒಂದು ತಂತಿ ಸದ್ದು ಮಾಡಕೂಡ್ದು. ಅದಕ್ಕೇ ಅವತ್ತು ಕುಣಿತ ಮುಗಿಯೋ ಹೊತ್ತಿಗೆ ಬಾಸಾನ ಹೆಣದ ಥರ ಚಟ್ಟದ ಮೇಲೆ ಮಲಗಿಸ್ತಾರೆ, ಬಿಳೀ ಬಟ್ಟೆ ಹೊದಿಸ್ತಾರೆ, ಯಾವನೋ ಒಬ್ಬ ಹೆಂಡ್ತಿಯ ಕರೀ ಲಂಗ ಹಾಕ್ಕೊಂಡು ಪಾದ್ರಿ ಆಗ್ತಾನೆ, ಪೊರಕೆ ಅದ್ದಿ ಅದ್ದಿ ನೀರು ಚಿಮುಕಿಸಿ ಅದರ ಪಾಪಗಳನ್ನ ಓದ್ತಾನೆ... ಎಷ್ಟು ಜನರ ಬೂಟು ಸವೆಸ್ತು, ಎಷ್ಟು ಗಂಡಸ್ರನ್ನ ಚರಂಡಿಗೆ ಉರುಳಿಸ್ತು ಅಂತ. ಹೆಂಗಸ್ರು ತಲೆವಸ್ತ್ರ ಬಾಯಿಗೊತ್ಕೊಂಡು ಗೊಳೋ ಅನ್ನಬೇಕು. ಆದ್ರೆ ಅದು ಸುಳ್ಳು ಅಳು, ಮಣ್ಣಿಗೇನೂ ಹಾಕಲ್ಲ. ನಗ್ತಾ ಅಳಬೇಕು. ಒಂದೇ ಒಂದು ನಿಜವಾದ ಕಣ್ಣೀರು ಬಿತ್ತೋ... ಹೂತಿದ್ದು ಹೂತ ಹಾಗೆ ಇರಲ್ಲ ಅಂತ ನಮ್ಮತ್ತೆ ಹೇಳೋರು.

ನನ್ನ ಗಂಡ ಬರ್ತೊ ಬಾಸಾಗಾರ. ಆಳು ಕುಳ್ಳ, ಬಾಸಾ ಅವನಿಗಿಂತ ಎತ್ತರ. ಪಟ್ಟಿ ಕಟ್ಟಿ ಬೆನ್ನಿಗೇರಿಸ್ಕೊಂಡು ಹಿಮದಲ್ಲಿ ಹೊರಟ ಅಂದ್ರೆ ಹಿಂದಿನಿಂದ ನೋಡ್ದೋರಿಗೆ ಬಾಸಾಗೇ ಕಾಲು ಬಂದ ಹಾಗೆ ಕಾಣ್ತಿತ್ತು. ಬಸ್ಸಿನವನು "ಇದಕ್ಕೂ ಟಿಕೆಟ್ ತಗೋಳಯ್ಯಾ" ಅಂದ್ರೆ, "ಇವಳು ನನ್ನ ಮೊದಲ್ನೇ ಹೆಂಡ್ತಿ ಸ್ವಾಮಿ, ದಪ್ಪ ಇದಾಳೆ ಅಂತ ಎರಡು ಟಿಕೆಟ್ ಕೇಳ್ಬೇಡಿ, ಪಾಪ ನೊಂದ್ಕೋತಾಳೆ" ಅನ್ನೋನು. ಮದುವೆ ಮನೇಲಿ ಮಧ್ಯಾಹ್ನ ನಿಂತ್ರೆ ಮಾರನೇ ದಿನ ಕೋಳಿ ಕೂಗೋವರ್ಗೂ ನಿಂತೇ ನುಡಿಸೋದು. ಊಟ ಕೊನೇಗೆ, ಅಡುಗೆಮನೆ ಮೂಲೇಲಿ, ನಿಂತ್ಕೊಂಡೇ. ಪಿಟೀಲಿನವನಿಗೆ ಜನ ಹಣೆಗೆ ನೋಟು ಅಂಟಿಸ್ತಾರೆ, ಬಾಸಾಗಾರನ್ನ ಯಾರು ನೋಡ್ತಾರೆ ಹೇಳಿ? ಅವನು ಇದ್ದಾಗ ಯಾರಿಗೂ ಕೇಳಲ್ಲ... ಅವನು ನಿಲ್ಲಿಸಿದ್ರೆ ಎಲ್ಲರ ಕಾಲೂ ತಪ್ಪತ್ತೆ.

ಕುರಿ ಕರುಳಿನ ತಂತಿ, ನನ್ನ ಕಿರುಬೆರಳಿನಷ್ಟು ದಪ್ಪ. ಅದನ್ನ ಒತ್ತಿ ಒತ್ತಿ ಅವನ ಎಡಗೈ ಬೆರಳ ತುದಿ ಗೊರಸಿನ ಹಾಗೆ ಗಟ್ಟಿಯಾಗಿತ್ತು. ಮಗೂನ ಕೆನ್ನೆ ಮುಟ್ಟೋವಾಗ ಬಲಗೈಲಿ ಮುಟ್ಟೋನು, ಎಡಗೈ ಚುಚ್ಚತ್ತೆ ಅಂತ.

ಚಳಿಯಿಂದ ಬಂದ ಬಾಸಾನ ನೇರ ಬೆಚ್ಚನೆ ಮನೆಯೊಳಗೆ ತರಬಾರ್ದು, ಗೊತ್ತಾ? ಮೊದ್ಲು ಹಜಾರದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸ್ಬೇಕು, ಮರ ಉಸಿರು ತಗೋಬೇಕು. ಮಗಳು ತೊಟ್ಟಿಲಲ್ಲಿದ್ದ ವರ್ಷ ಮೇಲಿನ ಊರಲ್ಲಿ ಒಂದು ಮದುವೆ. ಕುಡಿದ ಬೀಗರು "ಬಾರಯ್ಯಾ, ಹೊರಗೇನು ಕಾಯ್ತೀಯಾ" ಅಂತ ಇವನನ್ನ ಬಾಸಾ ಸಮೇತ ಎಳ್ಕೊಂಡು ಹೋಗಿ ಉರಿಯೋ ಒಲೆ ಪಕ್ಕ ನಿಲ್ಲಿಸಿದ್ರು. ಕೋವಿ ಹಾರಿಸಿದ ಹಾಗೆ ಢಮಾರ್ ಅಂತ ಬಾಸಾ ಹೊಟ್ಟೆ ಸೀಳ್ತು. ಒಳಗಿನ ಪುಟ್ಟ ಕೋಲು ಟಕ್ ಅಂತ ಬಿದ್ದು ಉರುಳ್ತು. ಅದಿಲ್ದೆ ಬಾಸಾಗೆ ದನಿ ಇಲ್ಲ. ಬರ್ತೊ ಅದನ್ನ ಮಗು ಎತ್ಕೊಂಡ ಹಾಗೆ ಎತ್ಕೊಂಡು ಪಟ್ಟಣಕ್ಕೆ ಹೋಗಿ ವಾದ್ಯ ರಿಪೇರಿಯವನ ಹತ್ರ ಬಿಟ್ಟುಬಂದ. ದಾರಿಯಿಡೀ ಹಿಮಗಾಳಿ. ಎದೇಲಿ ಕೆಮ್ಮು ಹತ್ತಿಸ್ಕೊಂಡು ಬಂದ.

ಮಂಗಳವಾರ ಬಂತು. ಪಕ್ಕದೂರಿನವನು ಯಾರೋ ಬಾಸಾ ನುಡಿಸಿ, ಬೇರೆ ಕಡೆ ಕರೆ ಇದೆ ಅಂತ ಅದನ್ನ ಎತ್ಕೊಂಡು ಹೊತ್ತಿಗೆ ಮುಂಚೆ ಹೊರಟುಹೋದ. ಹೂಳೋಕೆ ನೋಡಿದ್ರೆ ಬಾಸಾನೇ ಇಲ್ಲ! ಜನ ಎಲ್ಲ ಕಾಯ್ತಿದಾರೆ, ಚಟ್ಟ ಖಾಲಿ. ಆಗ ಪಾದ್ರಿ ವೇಷದ ಮತೂಶ್, ಗಿರಣಿಯವನು, ಲಂಗ ಎತ್ತಿ ಕಟ್ಕೊಂಡು ಕೂಗ್ದ. "ಬಾಸಾ ಇಲ್ದಿದ್ರೇನ್ರೋ, ಬಾಸಾಗಾರ ಇದಾನಲ್ಲ! ಅವನನ್ನೇ ಮಲಗಿಸ್ರೋ!"

ನೀವೇ ಹೇಳಿ, ಅದಕ್ಕಿಂತ ಒಳ್ಳೇ ತಮಾಷೆ ಇದ್ಯಾ?

ಬರ್ತೊನೇ ಹೋಗಿ ಮಲ್ಕೊಂಡ. ಬಟ್ಟೆ ಹೊದಿಸಿದ್ರು. ಮತೂಶ್ ಪಾಪ ಓದ್ದ. ನಾನೂ ಎದೆ ಬಡ್ಕೊಂಡೆ. "ಅಯ್ಯೋ ನನ್ನ ದಪ್ಪ ದನಿಯೋನೇ, ಇನ್ನು ನನ್ನ ಕಿವೀಲಿ ಗೊರಕೆ ಯಾರು ಹೊಡೀತಾರೋ!" ಇಡೀ ಊರು ಬಿದ್ದು ಬಿದ್ದು ನಗ್ತು. ಪಿಟೀಲಿನ ಕೊಲೊಮನಣ್ಣ, ಮೇಳದ ಯಜಮಾನ, ನಕ್ಕು ನಕ್ಕು ನೆಲದ ಮೇಲೆ ಕೂತ್ಬಿಟ್ಟ. ಯಾರ ಕಣ್ಣಲ್ಲೂ ಒಂದು ಹನಿ ನಿಜ ಇರ್ಲಿಲ್ಲ... ಅಷ್ಟು ಚೆನ್ನಾಗಿ ಹೂತ್ವಿ ಅವನನ್ನ.

ಬಟ್ಟೆ ತೆಗೆದಾಗ ಕಣ್ಣು ಬಿಡೋಕೆ ಸ್ವಲ್ಪ ತಡ ಮಾಡ್ದ. ಆಮೇಲೆ ಎದ್ದ, ಪ್ಲಮ್ ಹಣ್ಣಿನ ಸಾರಾಯಿ ಒಂದು ಗುಟುಕು ಕುಡಿದ. ಮನೆಗೆ ಬಂದು ಬೂಟು ಬಿಚ್ಚೋವಾಗ ಒಂದೇ ಮಾತು ಹೇಳ್ದ. "ಅರಾಂಕಾ, ಕೆಳಗೆ ತುಂಬಾ ನಿಶ್ಶಬ್ದ ಕಣೇ."

ಕೆಮ್ಮು ಹೋಗ್ಲೇ ಇಲ್ಲ. ಇವತ್ತು ಈ ಮೇಜು ಗರಿಯಿಂದ ತುಂಬಿದ ಹಾಗೆ ಅವನೆದೆ ಕಫದಿಂದ ತುಂಬ್ತಾ ಬಂತು. ಉಪವಾಸ ಮುಗಿಯೋಕೆ ಮುಂಚೆ ಹೋಗ್ಬಿಟ್ಟ.

ನಮ್ಮ ಜಾತೀಲಿ ವಾದ್ಯದವನನ್ನ ವಾದ್ಯ ನುಡಿಸ್ದೆ ಮಣ್ಣಿಗೆ ಕಳಿಸಲ್ಲ. ನಾಯಿ ಸತ್ತ ಹಾಗೆ ಆಗತ್ತೆ ಅದು. ಆದ್ರೆ ಉಪವಾಸ! ನಾನು ಕೊಲೊಮನಣ್ಣನ ಕಾಲು ಹಿಡ್ಕೊಂಡೆ. "ಅಣ್ಣಾ, ಒಂದೇ ಹಾಡು... ಅವನ ಹಾಡು... ಮೆಲ್ಲಗೆ..." ಅವನು ಅಳ್ತಿದ್ದ. "ತಂಗೀ, ಮಂಗಳವಾರವೇ ಹೂತಾಗಿದೆ. ಈಗ ತಂತಿ ಮುಟ್ಟಿದ್ರೆ ಊರಿನ ಪೈರಿಗೆಲ್ಲ ಆಲಿಕಲ್ಲು ಬಿದ್ರೆ ಯಾರು ಹೊಣೆ?" ಮೇಳದವರೆಲ್ಲ ಪಿಟೀಲು ಕೋಟಿನೊಳಗೆ ಇಟ್ಕೊಂಡು ಬಂದಿದ್ರು, ಉಬ್ಬು ಕಾಣ್ತಿತ್ತು. ಯಾರೂ ತೆಗೀಲಿಲ್ಲ. ಮಣ್ಣು ಬೀಳೋ ಸದ್ದು ಮಾತ್ರ... ಅಷ್ಟೇ ಅವನ ಮೇಳ.

ಈಸ್ಟರ್ ಬಂತು. ರಿಪೇರಿಯಾದ ಬಾಸಾ ಪಟ್ಟಣದಿಂದ ಬಂತು. ಸೋಮವಾರದ ಕುಣಿತಕ್ಕೆ ಮುಂಚೆ ಯಜಮಾನ ಬಾಸಾನ ಏಳಿಸೋದು ಪದ್ಧತಿ. ಅದರ ಬೆನ್ನಿಗೆ ಬೆರಳಲ್ಲಿ ತಟ್ಟಿ ಕರೀಬೇಕು. ಕೊಲೊಮನಣ್ಣ ಅಭ್ಯಾಸದಲ್ಲಿ ತಟ್ಟಿದ. "ಏಳಣ್ಣ, ಉಪವಾಸ ಮುಗೀತು."

ಅವನಿಗಾದ್ರೂ ಏನು ಗೊತ್ತು? ಆ ವರ್ಷ ನಾವು ಬಾಸಾನ ಹೂತಿದ್ವಾ? ಹೂತಿದ್ದು ಯಾರನ್ನ?

ಗೋಡೆಗೊರಗಿಸಿದ್ದ ಬಾಸಾ... ಯಾರ ಕೈಯೂ ಅದರ ಮೇಲಿಲ್ಲ... ದಪ್ಪ ತಂತಿ ತನ್ನಷ್ಟಕ್ಕೆ ಹಲಗೆಗೆ ಒತ್ತಿಕೊಳ್ತು. ಬೆರಳಿಟ್ಟ ಹಾಗೆ, ಸರಿಯಾಗಿ ಅವನು ಬೆರಳಿಡೋ ಜಾಗದಲ್ಲಿ. ಆಮೇಲೆ ಅದರ ದನಿ ಬಂತು. ಕಿವಿಗಲ್ಲ, ಕಾಲಿಗೆ ಬಂತು, ನೆಲದ ಹಲಗೆಯಿಂದ. ಜನ ಕುರ್ಚಿ ಬೀಳಿಸ್ಕೊಂಡು ಓಡಿದ್ರು. ಕೊಲೊಮನಣ್ಣ ಓಡ್ಲಿಲ್ಲ. ಮುಖ ಸುಣ್ಣ ಆಗಿತ್ತು, ಆದ್ರೂ ಪಿಟೀಲು ಗಲ್ಲಕ್ಕೆ ಏರಿಸಿ, ಗೋರಿ ಮುಂದೆ ನುಡಿಸದ ಹಾಡನ್ನ ನುಡಿಸ್ದ. ವಾದ್ಯದವನು ಕಣ್ರೇ... ಬಾಸಾ ಶುರು ಮಾಡಿದ ಮೇಲೆ ಬಿಟ್ಟು ಓಡಕ್ಕಾಗತ್ತಾ?

ಮನೆಗೆ ತಂದು ಆ ಕೋಣೇಲಿ ನಿಲ್ಲಿಸ್ದೆ. ಮೊದ್ಲು ಮೊದ್ಲು... ನನಗೆ ಖುಷಿನೇ. ಊರಲ್ಲಿ ಎಲ್ಲಾದ್ರೂ ಪಿಟೀಲು ಎದ್ರೆ ಸಾಕು, ಇವನು ಇಲ್ಲಿಂದ ಹಿಮ್ಮೇಳ ಹಿಡಿಯೋನು. ರೊಟ್ಟಿ ನಾದೋವಾಗ ಕೇಳ್ತಿತ್ತು. ಗಂಡ ಮನೇಲಿದಾನೆ ಅನ್ನಿಸ್ತಿತ್ತು. ಎಷ್ಟು ಹೆಂಡ್ತೀರಿಗೆ ಆ ಭಾಗ್ಯ ಇದೆ?

ಬೇಸಿಗೇಲಿ ಮದುವೆಗಳ ಕಾಲ ಬಂತು. ಒಂದು ಬೆಳಿಗ್ಗೆ ಧೂಳು ಒರೆಸೋಕೆ ರಜಾಯಿ ಸರಿಸ್ತೀನಿ... ತಂತಿ ಒದ್ದೆ. ಬಟ್ಟೆಗೆ ಕೆಂಪು ಅಂಟ್ಕೊಳ್ತು. ಆಗ ಅರ್ಥ ಆಯ್ತು ನಂಗೆ. ಮಣ್ಣಲ್ಲಿದ್ದ ಬೆರಳು ಕಣ್ರೇ... ಆ ಗೊರಸಿನಂಥ ಚರ್ಮ ನೆನೆದು ಮಗೂನ ಬೆರಳಿನ ಹಾಗೆ ಮೆತ್ತಗಾಗಿರತ್ತೆ. ಆ ಬೆರಳಲ್ಲಿ ಒತ್ತುತ್ತಾ ಇದಾನೆ. ಕೇಳಿದಾಗಲೆಲ್ಲ ಒತ್ತಲೇಬೇಕು ಅವನು... ಬಾಸಾಗಾರ ನಿಲ್ಲಿಸಿದ್ರೆ ಎಲ್ಲರ ಕಾಲೂ ತಪ್ಪತ್ತಲ್ಲ.

ಮುಂದಿನ ವರ್ಷದ ಆ ಮಂಗಳವಾರ ನಾನೇ ಬಾಸಾನ ಬೆನ್ನಿಗೇರಿಸ್ಕೊಂಡು ಹೋಗಿ ಚಟ್ಟದ ಮೇಲೆ ಮಲಗಿಸ್ದೆ. ನಾನೇ ಮುಂದೆ ನಿಂತು ಸುಳ್ಳು ಅಳು ಅತ್ತೆ. ಗೊರಕೆ ಮಾತು, ದಪ್ಪ ಹೆಂಡ್ತಿ ಮಾತು, ಎಲ್ಲ ಹೇಳಿ ನಗಿಸ್ದೆ. ಗಂಡನ ಹೆಣದ ಮುಂದೆ ಕುಣಿದು ನಗಿಸೋಳು ನಾನೊಬ್ಳೇ ಇರಬೇಕು ಲೋಕದಲ್ಲಿ. ಒಂದು ಹನಿ ಬೀಳಿಸ್ಲಿಲ್ಲ, ನೋಡಿ... ತುಟಿ ಕಚ್ಚಿ ಕಚ್ಚಿ ರಕ್ತ ಬರ್ತಿತ್ತು, ಕಣ್ಣಲ್ಲಿ ಬರ್ಲಿಲ್ಲ. ಮಾರನೇ ದಿನದಿಂದ ಮನೆ ನಿಶ್ಶಬ್ದ. ಮಲಗಿದ್ದ ಅವನು. ಆ ಈಸ್ಟರಿಗೆ ಯಾರೂ ತಟ್ಟಬಾರ್ದು ಅಂತ ಕೊಲೊಮನಣ್ಣನ ಹತ್ರ ಆಣೆ ಹಾಕಿಸ್ದೆ. ತಟ್ಟಲಿಲ್ಲ. ಆದ್ರೂ ಗಂಟೆ ಹೊಡೀತು ನೋಡಿ, ಇವನು ತಾನೇ ಎದ್ದ. ಒಂದು ಸಲ ಕರೆದಿದ್ದು ಸಾಕಾಗಿತ್ತು.

ಅಂದಿನಿಂದ ವರ್ಷವಿಡೀ ಅವನಿಗೆ ಬಿಡುವು ಅಂದ್ರೆ ಈ ಉಪವಾಸದ ದಿನಗಳು ಮಾತ್ರ. ಅದೂ ಯಾರಾದ್ರೂ ನಗ್ತಾ ಹೂತ್ರೆ.

*

ಅಜ್ಜಿ ಮತ್ತೊಂದು ಗರಿ ಕೈಗೆತ್ತಿಕೊಂಡಳು.

"ಕೊಲೊಮನಣ್ಣ ಇದ್ದಷ್ಟು ದಿನ ಪ್ರತಿ ವರ್ಷ ಅವನೇ ಬಂದು ಬಾಸಾ ಎತ್ಕೊಂಡು ಹೋಗ್ತಿದ್ದ. ಹೋದ ಶರತ್ಕಾಲದಲ್ಲಿ ಅವನೂ ಹೋದ. ಈ ಸಲ ನಾನು ಬಾಸಾಗೆ ರಜಾಯಿ ಸುತ್ತಿ, ನಾನೂ ಒಳ್ಳೇ ತಲೆವಸ್ತ್ರ ಕಟ್ಕೊಂಡು, ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕಾದೆ. ನಿಮ್ಮ ಪೆಟ್ಟಿಗೆ ಸದ್ದು ಇಲ್ಲಿವರ್ಗೂ ಕೇಳ್ತಿತ್ತು ಲುಡ್ಮಿಲಾ. ಯಾರೂ ಬರ್ಲಿಲ್ಲ. ಕೊನೇಗೆ ಆ ಕೋಣೇಲಿ ನಾನೊಬ್ಳೇ ಮಲಗಿಸಿ ನಗೋಕೆ ನೋಡ್ದೆ..." ಅವಳು ತನ್ನ ಅಂಗೈ ನೋಡಿಕೊಂಡಳು. "ವಯಸ್ಸಾಯ್ತು. ಒಬ್ಳೇ ನಗಕ್ಕಾಗ್ಲಿಲ್ಲ. ಬಿದ್ದೇಬಿಡ್ತು... ಒಂದು ಹನಿ. ಅವತ್ತಿಂದ ಅವನು ಮಲಗಿಲ್ಲ, ಪಿಟೀಲು ಇಲ್ದಿದ್ರೂ."

ಆಗಲೇ ನಾನು ನೋಡಿದ್ದು. ಮೇಜಿನ ಮೇಲಿನ ಬಿಳಿಯ ರಾಶಿಯ ತುದಿಯಲ್ಲಿ ಒಂದೊಂದು ಎಳೆಯೂ ಅಲುಗುತ್ತಿತ್ತು.

"ಗಾಳಿ," ಎಂದಳು ವಿಯೆರ್ಕಾ, ಬಹಳ ಮೆಲ್ಲಗೆ.

"ಗಾಳಿ ಆಗಿದ್ರೆ ಹಾರ್ತಿತ್ತು ಮಗಳೇ," ಎಂದಳು ಅಜ್ಜಿ. "ನೋಡು, ಹಾರ್ತಿಲ್ಲ. ಇದ್ದಲ್ಲೇ ನಡುಗ್ತಿದೆ."

ನನ್ನ ಅಂಗಾಲಿಗೆ ಅದು ಬಂತು, ನೆಲದ ಹಲಗೆಯಿಂದ. ಬಹಳ ಕೆಳಗಿನ ಒಂದು ಸ್ವರ. ನಿಂತಿತು. ಮತ್ತೆ ಬಂತು. ಈ ಸಲ ಸ್ವಲ್ಪ ತಡವಾಗಿ, ನೋಯುವ ಕಾಲಿನವನು ಹೆಜ್ಜೆ ಇಡುವಂತೆ.

ಅಜ್ಜಿ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. ಸಂಜೆಯಿಡೀ ನಮ್ಮನ್ನು ಗದರಿಸಿದ ಅದೇ ಬಾಯಿ ಈಗ ಬೇಡುತ್ತಿತ್ತು.

"ಲುಡ್ಮಿಲಾ, ಏನಾದ್ರೂ ಹೇಳೇ. ನಿನ್ನ ಗಂಡನ ಮಾತೇ ಹೇಳು. ಗರಿ ಹಾರಿದ್ರೆ ಹಾರ್ಲಿ..."

ಮಾತಿಗೆ ಎಂದೂ ಸೋಲದ ಲುಡ್ಮಿಲಾ ಅತ್ತೆ ಬಾಯಿ ತೆರೆದಳು. ಅವಳ ಗಲ್ಲದಿಂದ ಏನೋ ಒಂದು ಜಾರಿ ಗರಿಯ ಮೇಲೆ ಬಿತ್ತು. ನಗುವಲ್ಲ.

"ನಗ್ರೇ," ಅಂದಳು ಅಜ್ಜಿ. "ಯಾರಾದ್ರೂ ಒಬ್ರು ನಗ್ರಮ್ಮಾ... ಅವನ ಬೆರಳು ನೋಯ್ತಿದೆ."